ಸ್ಟೋನ್‌ಹೆಂಜ್ ಡಯೊರಾಮಾ 1:72 – ಅಡ್ಡಗಲ್ಲಿನ ವರ್ತುಲ ಕೂಡುತ್ತಿಲ್ಲ, ಫೋಮ್ ಕರಗಿದೆ, ನೆಲ ಬಿರುಕು ಬಿಟ್ಟಿದೆ

ಕಲ್ಲುಸಾಲು:

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಅನ್ನು 1:72 ಅಳತೆಯಲ್ಲಿ (ನಿಜದ 72ನೆಯ ಒಂದು ಭಾಗ) ಮಾದರಿಯಾಗಿ ಮಾಡುತ್ತಿದ್ದೇನೆ. ಈಗಿನ ಪಾಳು ರೂಪ ಅಲ್ಲ, ಕ್ರಿ.ಪೂ. 2500ರ ಸುಮಾರಿಗೆ ದೊಡ್ಡ ಸಾರ್ಸನ್ (ಗಟ್ಟಿ ಮರಳುಗಲ್ಲು) ಕಲ್ಲುಗಳನ್ನು ನಿಲ್ಲಿಸಿದಾಗ ಇದ್ದಿರಬಹುದಾದ ರೂಪ. ಹೊರವರ್ತುಲದಲ್ಲಿ 30 ನಿಲುಗಲ್ಲು, ಅವುಗಳ ತಲೆಯ ಮೇಲೆ 30 ಅಡ್ಡಗಲ್ಲು, ಒಳಗೆ ಕುದುರೆಲಾಳದ ಆಕಾರದಲ್ಲಿ ಐದು ತ್ರಿಲಿಥಾನ್ (ಎರಡು ನಿಲುಗಲ್ಲು, ಮೇಲೊಂದು ಅಡ್ಡಗಲ್ಲು). ಹಲಗೆ 60 ಸೆಂ.ಮೀ. ಚೌಕ, 6 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ). ಕಲ್ಲುಗಳಿಗೆ ಎಕ್ಸ್‌ಪಿಎಸ್ ಫೋಮ್ (ಥರ್ಮಾಕೋಲ್‌ಗಿಂತ ಗಟ್ಟಿಯಾದ ಫೋಮ್ ಹಾಳೆ) ಬಳಸಿದ್ದೇನೆ.

ಸಮಸ್ಯೆಗಳು ಹಲವು. ಮುಖ್ಯವಾದದ್ದು, ಅಡ್ಡಗಲ್ಲಿನ ವರ್ತುಲ ಕೂಡುತ್ತಲೇ ಇಲ್ಲ. ವ್ಯಾಸ 30 ಮೀಟರ್ ಎಂದು ಹಿಡಿದು 417 ಮಿ.ಮೀ. ವೃತ್ತ ಎಳೆದೆ. ನಿಲುಗಲ್ಲುಗಳ ಹೊರಮುಖ ಆ ಗೆರೆಗೆ ತಾಗುವಂತೆ 12 ಡಿಗ್ರಿಗೆ ಒಂದರಂತೆ ನಿಲ್ಲಿಸಿದೆ. ಅಡ್ಡಗಲ್ಲು 44 ಮಿ.ಮೀ. ಉದ್ದ, 14 ಅಗಲ, ನೇರ ಆಯತ. ನಾಲ್ಕನೆಯದನ್ನು ಇಡುವಷ್ಟರಲ್ಲೇ ಜೋಡಿನ ಗೆರೆ ನಿಲುಗಲ್ಲಿನ ನಡುವಿನಿಂದ ಜಾರಿ ಅಂಚಿಗೆ ಬಂದಿರುತ್ತದೆ. 28ನೆಯದಕ್ಕೆ ಜಾಗವೇ ಇಲ್ಲ. ಕೆಲವು ಅಡ್ಡಗಲ್ಲುಗಳು ಕುರ್ಚಿಯ ಕುಂಟುಕಾಲಿನಂತೆ ಅಲುಗಾಡುತ್ತವೆ ಕೂಡ.

ಇನ್ನು ಉಳಿದವು: ಸ್ಪ್ರೇ ಪ್ರೈಮರ್ ಹೊಡೆದ ಎರಡು ತ್ರಿಲಿಥಾನ್‌ಗಳ ಮೈ ಕರಗಿ ಗುಳಿ ಬಿದ್ದಿದೆ. ಎರಡು ಪದರ ಅಂಟಿಸಿ ಮಾಡಿದ ದೊಡ್ಡ ಕಲ್ಲುಗಳೊಳಗೆ ಪಿವಿಎ ಗೋಂದು (ಮರಕ್ಕೆ ಬಳಸುವ ಬಿಳಿ ಗೋಂದು) ಇನ್ನೂ ಹಸಿಯಾಗಿದೆ. ನೆಲಕ್ಕೆ ಬಳಿದ ಅಕ್ರಿಲಿಕ್ ಪುಟ್ಟಿ (ಸುಮಾರು 8 ಮಿ.ಮೀ. ದಪ್ಪ, ಒಂದೇ ಸಲ) ಬಿರುಕು ಬಿಟ್ಟು ಹಲಗೆಯ ಮೂಲೆಗಳು ಮೇಲೆದ್ದಿವೆ. ಎಲ್ಲಿಂದ ಶುರು ಮಾಡಲಿ?

ಕೈವಾರ:

ವರ್ತುಲದಿಂದ ಶುರು ಮಾಡಿ. ಅದು ಸರಿಯಾಗದೆ ಬಣ್ಣದ ಮಾತು ಬೇಡ.

ನೀವು ಹಿಡಿದ 30 ಮೀಟರ್ ತಪ್ಪು ಅಂಕಿ ಅಲ್ಲ, ಆದರೆ ಅದು ನಿಲುಗಲ್ಲುಗಳ ಒಳಮುಖದಿಂದ ಎದುರಿನ ಒಳಮುಖಕ್ಕೆ ಇರುವ ದೂರ. ಹೊರಮುಖದಿಂದ ಅಳೆದರೆ 32–33 ಮೀಟರ್ ಆಗುತ್ತದೆ. ಎರಡೂ ಅಂಕಿಗಳು ಯಾವುದು ಎಲ್ಲಿಂದ ಎಲ್ಲಿಗೆ ಅಂತ ಹೇಳದೆಯೇ ಓಡಾಡುತ್ತಿರುತ್ತವೆ, ಹಾಗಾಗಿ ಈ ಗೊಂದಲ ಸಹಜ. ನೀವು ಒಳವ್ಯಾಸವನ್ನು ಹೊರವ್ಯಾಸವಾಗಿ ಹಿಡಿದಿದ್ದರಿಂದ ಇಡೀ ವರ್ತುಲ ಕುಗ್ಗಿದೆ, ಅಡ್ಡಗಲ್ಲು ಮಾತ್ರ ಪೂರ್ತಿ ಅಳತೆಯಲ್ಲಿದೆ. ಕೂಡುವುದಾದರೂ ಹೇಗೆ?

ಲೆಕ್ಕಕ್ಕೆ ಹಿಡಿಯಬೇಕಾದದ್ದು ನಡುಗೆರೆಯನ್ನು. ನಿಲುಗಲ್ಲಿನ ದಪ್ಪ ಸರಾಸರಿ 1.1 ಮೀ., ಆದ್ದರಿಂದ ನಡುಗೆರೆಯ ವ್ಯಾಸ 31.1 ಮೀ. 1:72ರಲ್ಲಿ 432 ಮಿ.ಮೀ. ಆ ವೃತ್ತದ ಸುತ್ತಳತೆಯನ್ನು 30 ಭಾಗ ಮಾಡಿದರೆ ಒಂದು ನಿಲುಗಲ್ಲಿನ ನಡುವಿನಿಂದ ಮುಂದಿನದರ ನಡುವಿಗೆ 45 ಮಿ.ಮೀ. ಚಿಲ್ಲರೆ. ನಿಜವಾದ ಅಡ್ಡಗಲ್ಲಿನ ಉದ್ದ ಸುಮಾರು 3.2 ಮೀ., ಅಂದರೆ 44.4. ತಾಳೆಯಾಯಿತು ನೋಡಿ. ಹೊರಮುಖದ ವ್ಯಾಸ 447 ಮಿ.ಮೀ. ಆಗುತ್ತದೆ, ನಿಮ್ಮ ಹಲಗೆಯಲ್ಲಿ ಸುತ್ತಲೂ ಏಳೂವರೆ ಸೆಂ.ಮೀ. ಉಳಿಯುತ್ತದೆ.

ಎರಡನೆಯದು, ನೇರ ಆಯತ. ಆಯತಗಳನ್ನು ವೃತ್ತವಾಗಿ ಜೋಡಿಸಿದರೆ ಒಳಮೂಲೆಗಳು ಡಿಕ್ಕಿ ಹೊಡೆಯುತ್ತವೆ, ಹೊರಗೆ ಸಂದು ಬಿಡುತ್ತದೆ. ಪ್ರತಿ ತುದಿಯನ್ನು 6 ಡಿಗ್ರಿ ಓರೆಯಾಗಿ ಕತ್ತರಿಸಿ. ಒಳಬದಿ 43.7, ಹೊರಬದಿ 46.7 ಮಿ.ಮೀ. ಬರುತ್ತದೆ. ಕೋನಮಾಪಕ ಹಿಡಿದು ಒಂದೊಂದನ್ನೇ ಕತ್ತರಿಸಲು ಹೋಗಬೇಡಿ. ದಪ್ಪ ರಟ್ಟಿನಲ್ಲಿ ಒಂದು ಅಚ್ಚು ಮಾಡಿಕೊಂಡು ಮೂವತ್ತನ್ನೂ ಅದರಿಂದಲೇ ಗುರುತು ಹಾಕಿ. ಹೊರ ಮತ್ತು ಒಳ ಬದಿಗಳನ್ನು ಉಪ್ಪುಕಾಗದದಲ್ಲಿ ಸ್ವಲ್ಪ ಬಾಗಿಸಿ. ಅಲ್ಲಿ ಕೆಲಸ ಮಾಡಿದವರೂ ಅಡ್ಡಗಲ್ಲುಗಳನ್ನು ವರ್ತುಲಕ್ಕೆ ತಕ್ಕಂತೆ ಬಾಗಿಸಿಯೇ ಕೆತ್ತಿದ್ದರು, ಕಬ್ಬಿಣವಿಲ್ಲದ ಕಾಲದಲ್ಲಿ, ಕಲ್ಲಿನಿಂದ ಕಲ್ಲನ್ನು ಕುಟ್ಟಿ. ನನಗೆ ಇಡೀ ಸ್ಮಾರಕದಲ್ಲಿ ಅತಿ ದೊಡ್ಡ ಬೆರಗು ಇದೇ.

ಮೂರನೆಯದು, ಅಲುಗಾಟ. ನಿಲುಗಲ್ಲುಗಳನ್ನೆಲ್ಲ ಒಂದೇ ಎತ್ತರಕ್ಕೆ ಕತ್ತರಿಸಿ ನೆಲದ ಮೇಲೆ ಅಂಟಿಸಿದ್ದೀರಿ ಅಂತ ಊಹೆ. ನೆಲ ಒಂದು ಮಿ.ಮೀ. ಏರುಪೇರಾದರೆ ತಲೆಯೂ ಅಷ್ಟೇ ಏರುಪೇರಾಗುತ್ತದೆ. ಸ್ಟೋನ್‌ಹೆಂಜ್ ಇರುವ ನೆಲವೂ ಸಮವಲ್ಲ, ಇಳಿಜಾರು. ಆದರೂ ಅಡ್ಡಗಲ್ಲಿನ ವರ್ತುಲ ಮಟ್ಟಸವಾಗಿದೆ. ಉದ್ದದ ಕಲ್ಲಿಗೆ ಆಳದ ಗುಂಡಿ, ಗಿಡ್ಡ ಕಲ್ಲಿಗೆ ಕಡಿಮೆ ಆಳದ ಗುಂಡಿ ತೋಡಿ ತಲೆಗಳನ್ನು ಸಮಕ್ಕೆ ತಂದರು. ಈಗಲೂ ನಿಂತಿರುವ ಅತಿ ಎತ್ತರದ ಕಲ್ಲು (ಪುರಾತತ್ವಜ್ಞರು ಕೊಟ್ಟ ಸಂಖ್ಯೆಯಲ್ಲಿ 56ನೆಯದು) ನೆಲದ ಮೇಲೆ 6.7 ಮೀ. ಇದ್ದರೆ ನೆಲದೊಳಗೆ 2.4 ಮೀ. ಇದೆ.

ನೀವೂ ಹಾಗೇ ಮಾಡಿ. ಹಲಗೆಯ ಮೇಲೆ 15 ಮಿ.ಮೀ. ಫೋಮ್ ಪದರ ಹಾಕಿ, ಅದರಲ್ಲಿ ಗುಂಡಿ ತೋಡಿ. ನಿಲುಗಲ್ಲುಗಳನ್ನು 10 ಮಿ.ಮೀ. ಹೆಚ್ಚಿಗೆ ಉದ್ದ ಬಿಡಿ. ನೆಲದ ಮೇಲೆ ಕಾಣಬೇಕಾದದ್ದು 4.1 ಮೀ., ಅಂದರೆ 57 ಮಿ.ಮೀ. ಆ ಎತ್ತರದ ಎರಡು ಮರದ ತುಂಡುಗಳನ್ನು ವರ್ತುಲದ ಆಚೆ ಈಚೆ ಇಟ್ಟು ಮೇಲೆ ಉಕ್ಕಿನ ಅಳತೆಪಟ್ಟಿ ಅಡ್ಡ ಹಾಕಿ. ಪ್ರತಿ ಕಲ್ಲಿನ ತಲೆ ಪಟ್ಟಿಯ ಅಡಿಗೆ ತಾಗುವವರೆಗೆ ಎತ್ತಿ ಇಳಿಸಿ, ಗುಂಡಿಯ ಸಂದಿಗೆ ಪುಟ್ಟಿ ತುಂಬಿ. ಅಳತೆ ಯಾವಾಗಲೂ ತಲೆಯಿಂದ ಬರಲಿ, ಬುಡದಿಂದ ಬೇಡ. ಕೊನೆಗೆ ಒಂದು ಗಾಜಿನ ತುಂಡು ಇಟ್ಟು ಅದರ ಮೇಲೆ ರಸಮಟ್ಟ ಇಟ್ಟು ನೋಡಿ.

ಅಡ್ಡಗಲ್ಲು ಜಾರದಿರಲು ಪಿನ್ ಬೇಕು. ಮೂಲದಲ್ಲಿ ವರ್ತುಲದ ಪ್ರತಿ ನಿಲುಗಲ್ಲಿನ ತಲೆಯ ಮೇಲೆ ಎರಡು ಉಬ್ಬುಗಳಿವೆ, ಆಚೆಯ ಅಡ್ಡಗಲ್ಲಿಗೊಂದು, ಈಚೆಯದಕ್ಕೊಂದು. ಅಡ್ಡಗಲ್ಲಿನ ಅಡಿಯಲ್ಲಿ ಅದಕ್ಕೆ ತಕ್ಕ ಗುಳಿ. ಅಕ್ಕಪಕ್ಕದ ಅಡ್ಡಗಲ್ಲುಗಳ ತುದಿಗಳೂ ಏಣು-ತೋಡಿನಿಂದ ಒಂದರೊಳಗೊಂದು ಕೂರುತ್ತವೆ. ಇದು ಬಡಗಿಗಳ ಜೋಡಣೆ, ಕಲ್ಲಿಗೆ ಬಂದಿದೆ. ನಿಮ್ಮ ಅಳತೆಯಲ್ಲಿ 1 ಮಿ.ಮೀ. ತಂತಿಯ ಎರಡು ಚೂರು ಸಾಕು. ಚೂರಿನ ತುದಿಗೆ ಹಸಿ ಬಣ್ಣ ಮುಟ್ಟಿಸಿ ಅಡ್ಡಗಲ್ಲನ್ನು ಮೇಲಿನಿಂದ ಒತ್ತಿದರೆ ತೂತು ಎಲ್ಲಿ ಬೇಕೆಂದು ಗುರುತು ಬೀಳುತ್ತದೆ.

ಉಪ್ಪುಕಾಗದ:

ಕೈವಾರ ಅವರು ಹೇಳಿದ್ದರಲ್ಲಿ ಸೇರಿಸಲು ಏನೂ ಇಲ್ಲ. ನಾನು ಸಾಮಗ್ರಿಯ ಬಗ್ಗೆ ಹೇಳುತ್ತೇನೆ.

ಎಕ್ಸ್‌ಪಿಎಸ್ ಆಗಲಿ, ಥರ್ಮಾಕೋಲ್ ಆಗಲಿ, ಎರಡೂ ಪಾಲಿಸ್ಟೈರೀನ್. ಸ್ಪ್ರೇ ಕ್ಯಾನಿನಲ್ಲಿರುವ ದ್ರಾವಕ ಅದನ್ನು ಕರಗಿಸುತ್ತದೆ. ಸಾಮಾನ್ಯ ಸೂಪರ್ ಗ್ಲೂ ಕೂಡ ಫೋಮನ್ನು ತಿನ್ನುತ್ತದೆ, ಬಿಸಿ ಗ್ಲೂ ಗನ್ನಿನ ಶಾಖ ಗುಳಿ ಮಾಡುತ್ತದೆ. ಮೊದಲು ಪಿವಿಎ ಗೋಂದಿಗೆ ಕಪ್ಪು ಅಕ್ರಿಲಿಕ್ ಬಣ್ಣ ಬೆರೆಸಿ ಬ್ರಷ್ಷಿನಿಂದ ಎರಡು ಕೋಟ್ ಹಚ್ಚಿ. ಇದು ಮೈಗೆ ಗಟ್ಟಿ ಚರ್ಮ ಕೊಡುತ್ತದೆ, ಪ್ರೈಮರ್ ಕೂಡ ಇದೇ ಆಗುತ್ತದೆ. ಆಮೇಲೂ ಸ್ಪ್ರೇ ಬೇಡ ಅಂತಲೇ ನನ್ನ ಸಲಹೆ, ಏಕೆಂದರೆ ಬ್ರಷ್ ತಪ್ಪಿದ ಒಂದು ಸೂಜಿಮೊನೆಯಷ್ಟು ಜಾಗ ಸಾಕು, ಒಳಗಿನಿಂದ ಪೊಳ್ಳಾಗುತ್ತದೆ.

ಕರಗಿದ ತ್ರಿಲಿಥಾನ್‌ಗಳನ್ನು ಎಸೆಯಬೇಡಿ. ಸಾರ್ಸನ್ ಕಲ್ಲಿನ ಮೈಯಲ್ಲಿ ನಿಜಕ್ಕೂ ಗುಳಿ, ತೂತುಗಳಿವೆ. ಗುಳಿ ಹೆಚ್ಚಾದ ಮುಖವನ್ನು ಹೊರಗೆ ತಿರುಗಿಸಿ, ತೀರಾ ಹಾಳಾದಲ್ಲಿ ಪುಟ್ಟಿ ತುಂಬಿ.

ಗೋಂದು ಒಣಗದಿರುವುದಕ್ಕೆ ಕಾರಣ ಗಾಳಿ ಆಡದಿರುವುದು. ಪಿವಿಎ ಒಣಗಬೇಕಾದರೆ ಅದರ ನೀರು ಎಲ್ಲಿಗಾದರೂ ಹೋಗಬೇಕು. ಮರ ಹೀರಿಕೊಳ್ಳುತ್ತದೆ, ಫೋಮ್ ಹೀರುವುದಿಲ್ಲ. ಎರಡು ಫೋಮ್ ಹಾಳೆಗಳ ನಡುವೆ ಬಳಿದರೆ ಅಂಚು ಮಾತ್ರ ಒಣಗಿ ಒಳಗೆ ಹಸಿ ಉಳಿಯುತ್ತದೆ. ದೊಡ್ಡ ಕಲ್ಲುಗಳಿಗೆ ಫೋಮ್‌ಗೆಂದೇ ಇರುವ ಅಂಟು ಬಳಸಿ, ಅಥವಾ ದಪ್ಪ ಹಾಳೆಯಿಂದ ಒಂದೇ ತುಂಡಾಗಿ ಕತ್ತರಿಸಿ. ಅತಿ ದೊಡ್ಡ ತ್ರಿಲಿಥಾನ್ ಅಡ್ಡಗಲ್ಲು ಸೇರಿ 7.3 ಮೀ., ನಿಮಗೆ 101 ಮಿ.ಮೀ. ಅಷ್ಟಕ್ಕೆ ಪದರ ಬೇಕಿಲ್ಲ.

ನೆಲದ ಬಿರುಕು: ಅಕ್ರಿಲಿಕ್ ಪುಟ್ಟಿ ಗಟ್ಟಿಯಾಗುವುದು ನೀರು ಆರಿಹೋಗಿ, ಆರುವಾಗ ಕುಗ್ಗುತ್ತದೆ. 8 ಮಿ.ಮೀ. ಒಂದೇ ಸಲ ಬಳಿದರೆ ಮೇಲ್ಮೈ ಮೊದಲು ಬಿಗಿದು ಸೀಳುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಗಲ್ಲ, ಅದು ನೀರನ್ನು ತನ್ನೊಳಗೆ ಕಟ್ಟಿಕೊಂಡು ಗಟ್ಟಿಯಾಗುತ್ತದೆ, ಕುಗ್ಗುವುದಿಲ್ಲ. ಏರಿಳಿತವನ್ನು ಫೋಮಿನಲ್ಲೇ ಕೆತ್ತಿಕೊಂಡು ಮೇಲೆ 2 ಮಿ.ಮೀ. ಮಾತ್ರ ಬಳಿಯಿರಿ. ಹಲಗೆ ಬಾಗಿದ್ದು ಒಂದೇ ಬದಿ ನೀರು ಕುಡಿದದ್ದರಿಂದ. ಪುಟ್ಟಿ ಕೆರೆದು ತೆಗೆದು, ಎರಡೂ ಬದಿಗೆ ವಾರ್ನಿಶ್ ಹಚ್ಚಿ, ಅಡಿಯಲ್ಲಿ ಎರಡು ಮರದ ಪಟ್ಟಿ ಸ್ಕ್ರೂ ಮಾಡಿ. ಬಾಗು ಹೆಚ್ಚಿದ್ದರೆ ಹೊಸ ಹಲಗೆಯೇ ಒಳ್ಳೆಯದು, ಏಕೆಂದರೆ ಕೈವಾರ ಅವರ ಲೆಕ್ಕವೆಲ್ಲ ನಿಂತಿರುವುದು ಸಮತಟ್ಟಾದ ಹಲಗೆಯ ಮೇಲೆ.

ಕಲ್ಲುಸಾಲು:

ಇಬ್ಬರಿಗೂ ತುಂಬಾ ಧನ್ಯವಾದ. ಹೊಸ ಹಲಗೆ ತಂದು 432ರ ನಡುಗೆರೆ ಎಳೆದು ನಾಲ್ಕು ನಿಲುಗಲ್ಲು, ಮೂರು ಅಡ್ಡಗಲ್ಲು ಒಣಜೋಡಣೆ ಮಾಡಿ ನೋಡಿದೆ. ಜೋಡಿನ ಗೆರೆಗಳು ನಿಲುಗಲ್ಲಿನ ನಟ್ಟನಡುವೆ ಬಂದವು.

ಇನ್ನು ಮೂರು ಪ್ರಶ್ನೆ. ಹೊರಗಿನ ಕಂದಕ, ದಿಬ್ಬ ಮತ್ತು ಹೀಲ್ ಸ್ಟೋನ್ (ವರ್ತುಲದ ಆಚೆ ನಿಂತ ಒಂಟಿ ಕಲ್ಲು) ಸೇರಿಸುವುದು ಹೇಗೆ? ಮೂವತ್ತೂ ಕಲ್ಲು ಪೂರ್ತಿ ಇದ್ದವೇ? ಬಣ್ಣ ಯಾವುದು? ಒಂದು ಕಲ್ಲಿಗೆ ಕಪ್ಪು-ಬಿಳಿ ಬೆರೆಸಿದ ಬೂದು ಹಚ್ಚಿದೆ, ಸಿಮೆಂಟ್ ಕಂಬದಂತೆ ಕಾಣುತ್ತಿದೆ.

ಸುಣ್ಣಗಲ್ಲು:

ಕಂದಕದ ವೃತ್ತ ಸುಮಾರು 110 ಮೀ., ನಿಮ್ಮ ಅಳತೆಯಲ್ಲಿ ಒಂದೂವರೆ ಮೀಟರ್. ಹೀಲ್ ಸ್ಟೋನ್ ನಡುವಿನಿಂದ ಒಂದು ಮೀಟರಿಗೂ ಆಚೆ ಬರುತ್ತದೆ. ಬಿಟ್ಟುಬಿಡಿ. ಅವನ್ನು ಹತ್ತಿರಕ್ಕೆ ಎಳೆದು ತುರುಕಿದರೆ ನೀವು ಇಷ್ಟು ಕಷ್ಟಪಟ್ಟ ಅಳತೆಯೇ ಸುಳ್ಳಾಗುತ್ತದೆ. ಮುಂದೆ ಎಂದಾದರೂ 1:150ರಲ್ಲಿ ಮಾಡಿದರೆ ಕಂದಕ 73 ಸೆಂ.ಮೀ.ಗೆ ಇಳಿಯುತ್ತದೆ. ಆಗ ಒಂದು ವಿಷಯ ನೆನಪಿಡಿ: ಕಂದಕ ತೋಡಿದ್ದು ಕ್ರಿ.ಪೂ. 3000ದ ಸುಮಾರಿಗೆ. ಸಾರ್ಸನ್ ನಿಲ್ಲಿಸುವ ಹೊತ್ತಿಗೆ ಅದಕ್ಕೆ ಐನೂರು ವರ್ಷ ವಯಸ್ಸು. ಅಡಿಯ ಸುಣ್ಣಮಣ್ಣು ಬಿಳಿ ಅಂತ ದಿಬ್ಬಕ್ಕೆ ಬಿಳಿ ಬಳಿಯುವವರು ಬಹಳ, ಅಷ್ಟು ಕಾಲದಲ್ಲಿ ಅದರ ಮೇಲೆ ಹುಲ್ಲು ಬೆಳೆದಿರುತ್ತದೆ. ಹೊಸದಾಗಿ ಕಲ್ಲು ನೆಟ್ಟ ಗುಂಡಿಗಳ ಸುತ್ತ ಮಾತ್ರ ಬಿಳಿ ಮಣ್ಣು ಚೆಲ್ಲಿರಲಿ.

ಮೂವತ್ತೂ ಇದ್ದವೇ ಎಂಬುದಕ್ಕೆ ಬಹುಕಾಲ ಚರ್ಚೆ ನಡೆದಿದೆ, ನೈರುತ್ಯ ಭಾಗದಲ್ಲಿ ಹಲವು ಕಲ್ಲುಗಳು ಇಲ್ಲದ ಕಾರಣ. 2013ರ ಒಣ ಬೇಸಿಗೆಯಲ್ಲಿ ಹುಲ್ಲಿಗೆ ನೀರು ಹಾಯಿಸುವ ಪೈಪು ಅಲ್ಲಿಯವರೆಗೆ ಮುಟ್ಟಲಿಲ್ಲ, ಒಣಗಿದ ಹುಲ್ಲಿನಲ್ಲಿ ಕಾಣೆಯಾದ ಕೆಲವು ಕಲ್ಲುಗಳ ಗುಂಡಿಯ ಗುರುತು ಎದ್ದುಬಂತು. ವರ್ತುಲ ಪೂರ್ತಿಯಿತ್ತು ಎನ್ನುವವರಿಗೆ ಅದು ಬಲ ಕೊಟ್ಟಿತು. ಆದರೆ 11ನೆಯ ಕಲ್ಲು ಪಕ್ಕದವಕ್ಕಿಂತ ತೀರಾ ಗಿಡ್ಡ, ಕಿರಿದು, ಅದರ ಮೇಲೆ ಅಡ್ಡಗಲ್ಲು ಹೇಗೆ ಕೂತಿತ್ತು ಎಂಬ ಪ್ರಶ್ನೆ ಇನ್ನೂ ಇದೆ. ನಾನಾದರೆ ಅಲ್ಲಿ ಗಿಡ್ಡ ಕಲ್ಲನ್ನೇ ನಿಲ್ಲಿಸಿ ಮೇಲೆ ಖಾಲಿ ಬಿಡುತ್ತೇನೆ. ನೋಡಿದವರು ಕೇಳುತ್ತಾರೆ, ಹೇಳಲು ಒಳ್ಳೆಯ ಕಥೆಯೂ ಇರುತ್ತದೆ.

ಬಣ್ಣಕ್ಕೆ ಬರೋಣ. ಕಪ್ಪು-ಬಿಳಿಯಿಂದ ಬರುವ ಬೂದು ತಣ್ಣಗಿನ ಬೂದು. ಬಿಳಿಗೆ ಕಂದು (ರಾ ಅಂಬರ್) ಮತ್ತು ಚೂರು ಹಳದಿ ಓಕರ್ ಬೆರೆಸಿ, ಕಪ್ಪು ಬಹಳ ಕಡಿಮೆ. ಈಗಿನ ಫೋಟೊ ನೋಡಿಕೊಂಡು ಕಲ್ಲುಹೂವಿನ ಹಳದಿ, ಹಸಿರು ಚುಕ್ಕೆ ಇಡಬೇಡಿ. ಹೊಸದಾಗಿ ಕುಟ್ಟಿ ಮೈ ತೆಗೆದ ಸಾರ್ಸನ್ ತೆಳು ಬೂದು-ಬಿಳಿ ಬಣ್ಣದಲ್ಲಿ ಹೊಳೆಯುತ್ತಿತ್ತು. 2012ರಲ್ಲಿ ಪ್ರಕಟವಾದ ಲೇಸರ್ ಸ್ಕ್ಯಾನ್ ವರದಿಯ ಪ್ರಕಾರ ಈಶಾನ್ಯದ ಕಡೆಯಿಂದ, ಅಂದರೆ ಹಾದಿಯಲ್ಲಿ ನಡೆದು ಬರುವವರಿಗೆ ಕಾಣುವ ಮುಖಗಳನ್ನೇ ಹೆಚ್ಚು ನಯ ಮಾಡಿದ್ದಾರೆ. ಆದ್ದರಿಂದ ಆ ಬದಿ ನಯವಾಗಿ, ತಿಳಿಯಾಗಿ ಇರಲಿ. ನೈರುತ್ಯದ ಕಲ್ಲುಗಳ ಹೊರಮೈ ಒರಟಾಗಿ, ಕಂದಾಗಿ ಇರಲಿ. ಒರಟು ಬರಲು ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ಫೋಮ್ ಮೇಲೆ ಉರುಳಿಸಿದರೆ ಸಾಕು. ಇದನ್ನು ಕಪ್ಪು ಕೋಟ್ ಹಚ್ಚುವ ಮೊದಲೇ ಮಾಡಬೇಕು.

ಕಲ್ಲಿನ ಮೇಲಿನ ಕೊಡಲಿಯ ಕೆತ್ತನೆಗಳನ್ನೂ ಹಾಕಬೇಡಿ. ಅವು ಕ್ರಿ.ಪೂ. 1750–1500ರ ಕಾಲದವು, ನಿಮ್ಮ ದೃಶ್ಯಕ್ಕೆ ಏಳೂವರೆ ನೂರರಿಂದ ಸಾವಿರ ವರ್ಷ ಆಮೇಲಿನವು.

ಕಲ್ಲುಸಾಲು:

11ನೆಯ ಕಲ್ಲು ಗಿಡ್ಡವಾಗಿಯೇ ನಿಂತಿದೆ. ಅದರ ಎರಡೂ ಪಕ್ಕದ ಅಡ್ಡಗಲ್ಲು ಬಿಟ್ಟಿದ್ದೇನೆ, ಮಿಕ್ಕ 28 ಸರಿಯಾಗಿ ಕೂತಿವೆ. ಗಾಜಿನ ಮೇಲೆ ರಸಮಟ್ಟದ ಗುಳ್ಳೆ ನಡುವಿನಲ್ಲೇ ನಿಂತಿತು. ಬಣ್ಣವೂ ಈಗ ಕಲ್ಲಿನದೇ. ಉಳಿದದ್ದು ಒಂದೇ: ಕಪ್ಪು ಕೋಟ್ ದಪ್ಪಗಾದ ಕಡೆ ಓರೆಬೆಳಕಿನಲ್ಲಿ ಮಿಂಚುತ್ತಿದೆ. ಮ್ಯಾಟ್ ವಾರ್ನಿಶ್ ಸ್ಪ್ರೇ ಹೊಡೆಯಬಹುದೇ?

ಉಪ್ಪುಕಾಗದ:

ಸ್ಪ್ರೇ ಬೇಡ, ಅದರಲ್ಲೂ ದ್ರಾವಕವಿದೆ, ಪಿನ್ ತೂತುಗಳೊಳಗೆ ಬರೀ ಫೋಮ್ ಇದೆ. ನೀರಿನ ಆಧಾರದ ಮ್ಯಾಟ್ ವಾರ್ನಿಶ್ ಅನ್ನು ಅಗಲ ಬ್ರಷ್ಷಿನಿಂದ ತೆಳ್ಳಗೆ ಹಚ್ಚಿ. ಡಬ್ಬಿಯನ್ನು ಮೊದಲು ಚೆನ್ನಾಗಿ ಕಲಕಿ, ಮಿಂಚು ಕೊಲ್ಲುವ ಪುಡಿ ತಳದಲ್ಲಿ ಕೂತಿರುತ್ತದೆ. ಹುಲ್ಲು ಅಂಟಿಸುವ ಮೊದಲೇ ಇದನ್ನು ಮುಗಿಸಿ. ಹುಲ್ಲು 1 ಮಿ.ಮೀ. ಉದ್ದದ್ದೇ ಇರಲಿ. 2 ಮಿ.ಮೀ. ಅಂದರೆ ನಿಮ್ಮ ಅಳತೆಯಲ್ಲಿ 14 ಸೆಂ.ಮೀ., ದನಕುರಿ ಮೇಯ್ದ ಬಯಲಿಗೆ ಅದು ಜಾಸ್ತಿ.