ಪದಚರ್ಚೆ: ಮೂತ್ರದ ಸೋಂಕಿನ ಮಾತ್ರೆಗೆ ‘ರೋಗನಿರೋಧಕ’ ಬೇಡ

ರೋಗಿಗಳಿಗೆ ಮಾತ್ರೆಯ ಜೊತೆ ಕೊಡುವ ಚೀಟಿಯಲ್ಲಿ ‘ಯೂರಿನರಿ ಇನ್ಫೆಕ್ಷನ್’ಗೆ, ಅದರ ಮಾತ್ರೆಗೆ ಕನ್ನಡದಲ್ಲಿ ಏನು ಬರೆಯುವುದು ಅಂತ ಕೇಳಿದ್ದೀರಿ. ನಾಳೆಯೇ ಚೀಟಿ ಅಚ್ಚಿಗೆ ಹೋಗಬೇಕು ಅಂದಿದ್ದೀರಿ, ಹಾಗಾಗಿ ಉತ್ತರ ಮೊದಲು. ‘ಮೂತ್ರದ ಸೋಂಕು’ ಅಂತ ಬರೆಯಿರಿ, ಸಾಕು. ಮೂತ್ರನಾಳ ಅಂದರೆ ಕಿಡ್ನಿಯಿಂದ ಇಳಿಯುವ ಕೊಳವೆಯೋ, ಮೂತ್ರ ಹೊರಗೆ ಹೋಗುವ ಕೊಳವೆಯೋ, ಒಬ್ಬೊಬ್ಬರು ಒಂದೊಂದಕ್ಕೆ ಬಳಸುತ್ತಾರೆ. ಮೂತ್ರಕೋಶ ಅಂದರೆ ಎಷ್ಟೋ ಜನ ಕಿಡ್ನಿ ಅಂತಲೇ ತಿಳಿಯುತ್ತಾರೆ. ಉರಿಮೂತ್ರ ನಮ್ಮ ಉಡುಪಿ ಕಡೆ ಎಲ್ಲರ ಬಾಯಲ್ಲಿರುವ ಪದ, ನನಗೂ ಇಷ್ಟ, ಆದರೆ ಅದು ಲಕ್ಷಣದ ಹೆಸರು. ನೀರು ಕುಡಿಯದೆ ಬಿಸಿಲಲ್ಲಿ ತಿರುಗಿದರೂ ಉರಿಮೂತ್ರ ಅಂತಾರೆ ಅಲ್ವಾ?

‘ಉಚ್ಚೆದಾರಿ ನಂಜು’ ಸೂಚಿಸಿದವರಿಗೆ: ಬೇಡ. ನಂಜು ಅಂದರೆ ವಿಷ. ಸೋಂಕು ಅಂದರೆ ತಾಗುವುದು. ಅದೂ ಅಚ್ಚಗನ್ನಡವೇ.

ಇನ್ನು ಸೋಂಕು ಮತ್ತೆ ಬಾರದಿರಲಿ ಅಂತ ಕೊಡುವ ಮಾತ್ರೆಗೆ ನಿಮ್ಮ ಕರಡಿನಲ್ಲಿರುವ ‘ರೋಗನಿರೋಧಕ ಮಾತ್ರೆ’. ದಯವಿಟ್ಟು ಅದನ್ನು ಹೊಡೆದುಹಾಕಿ. ಕಾಪುವಿನಲ್ಲಿರುವ ನನ್ನ ಚಿಕ್ಕಮ್ಮನಿಗೆ ಪದೇಪದೇ ಸೋಂಕು ಬರುತ್ತಿತ್ತು. ಡಾಕ್ಟರು ನೈಟ್ರೋಫ್ಯುರಾಂಟೊಯಿನ್ ಅನ್ನುವ ಆಂಟಿಬಯೋಟಿಕ್ ಕೊಟ್ಟರು. ಮೊದಲು 100 ಮಿಲಿಗ್ರಾಂ ದಿನಕ್ಕೆ ಎರಡು ಸಲ, 5 ದಿನ. ಆಮೇಲೆ ಮತ್ತೆ ಬಾರದಿರಲಿ ಅಂತ ರಾತ್ರಿಗೊಂದು, 50 ಮಿಲಿಗ್ರಾಂನದು. ಚೀಟಿಯಲ್ಲಿ ಈ ಎರಡನೆಯದಕ್ಕೆ ರೋಗನಿರೋಧಕ ಅಂತ ಬರೆದಿತ್ತು. ಕೊರೋನಾ ಕಾಲದಿಂದ ‘ರೋಗನಿರೋಧಕ ಶಕ್ತಿ’ ಕೇಳಿ ಕೇಳಿ ಅಭ್ಯಾಸವಾದವರು, ಇದೂ ಟಾನಿಕ್ಕಿನ ಹಾಗೆ ಅಂದುಕೊಂಡರು. ಸುಸ್ತಾದ ದಿನ ಒಂದು ನುಂಗುವುದು, ಉಳಿದ ದಿನ ಕೊತ್ತಂಬರಿ ನೀರು. ನಾನು ಹೋದಾಗ ಅರ್ಧ ಖಾಲಿಯಾದ ಸ್ಟ್ರಿಪ್ಪು ಜೀರಿಗೆ ಡಬ್ಬದ ಪಕ್ಕದಲ್ಲಿತ್ತು, ಚಿಕ್ಕಮ್ಮನಿಗೆ ಮತ್ತೆ ಚಳಿಜ್ವರ. ಸೋಂಕು ಕಿಡ್ನಿಗೆ ಏರಿದ ಮೇಲೆ ಈ ಮಾತ್ರೆ ಸಾಲುವುದಿಲ್ಲ, ಬೇರೆಯೇ ಔಷಧ ಬೇಕಾಯಿತು.

ಮೈಗಿರುವ ಶಕ್ತಿಗೂ ನಿರೋಧಕ, ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾದ ಗುಣಕ್ಕೂ ನಿರೋಧಕತೆ, ಈಗ ಮಾತ್ರೆಗೂ ಅದೇ. ಓದುವವರು ಏನು ಮಾಡಬೇಕು?

ಪ್ರತಿಜೀವಕವೋ ಆಂಟಿಬಯೋಟಿಕ್ಕೋ ಅನ್ನುವ ಜಗಳಕ್ಕೂ ಒಂದು ಮಾತು. ಸೂಕ್ಷ್ಮಜೀವಿ ವಿಜ್ಞಾನಿ ವಾಕ್ಸ್‌ಮನ್ 1940ರ ದಶಕದಲ್ಲಿ ಆಂಟಿಬಯೋಟಿಕ್ ಅನ್ನುವ ಹೆಸರನ್ನು ಚಲಾವಣೆಗೆ ತಂದಾಗ ಸೂಕ್ಷ್ಮಜೀವಿಗಳೇ ತಯಾರಿಸುವ ವಸ್ತುಗಳನ್ನಷ್ಟೇ ಹಾಗೆ ಕರೆದರು. ನೈಟ್ರೋಫ್ಯುರಾಂಟೊಯಿನ್ ಪ್ರಯೋಗಾಲಯದಲ್ಲಿ ಮಾಡಿದ್ದು, ಆದರೂ ಇವತ್ತು ಅದೂ ಆಂಟಿಬಯೋಟಿಕ್ಕೇ. ಇಂಗ್ಲಿಷಿನವರೇ ಮೂಲಾರ್ಥ ಬಿಟ್ಟ ಪದಕ್ಕೆ ನಾವು ಸಂಸ್ಕೃತದಲ್ಲಿ ತದ್ರೂಪ ಕಟ್ಟಿ ಕನ್ನಡ ಉಳಿಸಿದೆವು ಅಂದುಕೊಳ್ಳುವುದು ಯಾಕೆ? ಪೋರ್ಚುಗೀಸರ ಬಟಾಟೆ ನಮ್ಮ ಸಾಂಬಾರಿಗೆ ಬಂತು, ಇಸ್ತ್ರಿ ಅಂಗಿಗೆ ಬಂತು, ಯಾರೂ ತಡೆಯಲಿಲ್ಲ. ಔಷಧದ ಅಂಗಡಿಯಲ್ಲಿ ಜನ ಕೇಳುವುದು ಆಂಟಿಬಯೋಟಿಕ್ ಅಂತಲೇ. ಅದನ್ನೇ ಕನ್ನಡ ಲಿಪಿಯಲ್ಲಿ ದೊಡ್ಡದಾಗಿ ಬರೆಯಿರಿ.

ಚೀಟಿಗೆ ನನ್ನ ಸಾಲುಗಳು ಇವು, ಪ್ರಮಾಣ ಮಾತ್ರ ಡಾಕ್ಟರೇ ತುಂಬಲಿ:

ಸೋಂಕು ಗುಣವಾಗಲು: ದಿನಕ್ಕೆ __ ಸಲ, __ ದಿನ. ಉರಿ ನಿಂತರೂ ಪೂರ್ತಿ ಮುಗಿಸಿ.
ಸೋಂಕು ಮತ್ತೆ ಬಾರದಂತೆ: ದಿನಾ ರಾತ್ರಿ ಒಂದು, __ ತಿಂಗಳು. ಇದು ಟಾನಿಕ್ ಅಲ್ಲ.
ಏನಾದರೂ ತಿಂದು ನುಂಗಿ. ಮೂತ್ರ ಕಂದು ಬಣ್ಣಕ್ಕೆ ತಿರುಗಬಹುದು, ಅದು ಮಾತ್ರೆಯ ಬಣ್ಣ.
ಚಳಿಜ್ವರ, ಬೆನ್ನಿನ ಪಕ್ಕದಲ್ಲಿ ನೋವು ಬಂದರೆ ತಡಮಾಡದೆ ಬನ್ನಿ.

‘ಮರುಕಳಿಸದಂತೆ’ ಅಂತಲೂ ಬರೆಯಬಹುದಿತ್ತು. ಚಿಕ್ಕಮ್ಮನಿಗೆ ಎರಡನ್ನೂ ಫೋನಿನಲ್ಲಿ ಓದಿ ಹೇಳಿದೆ, ‘ಮತ್ತೆ ಬಾರದಂತೆ’ ಇರಲಿ ಅಂದರು.