ಪದಚರ್ಚೆ: ಆಪ್ತಸಮಾಲೋಚನೆಯೋ, ಆಪ್ತಸಲಹೆಯೋ, ಬರೀ ಕೌನ್ಸೆಲಿಂಗೋ?

ಬಳಗದವರಿಗೆ ನಮಸ್ಕಾರ.

ನಮ್ಮೂರಿನ ಪದವಿ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗಾಗಿ ಒಂದು ಕೌನ್ಸೆಲಿಂಗ್ ಕೊಠಡಿ ತೆರೆಯುತ್ತಿದ್ದಾರೆ. ಬಾಗಿಲ ಮೇಲಿನ ಬೋರ್ಡು, ಬಂದವರ ಕೈಗೆ ಕೊಡುವ ಒಂದು ಪುಟದ ಕರಪತ್ರ, ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ, ಈ ಮೂರನ್ನೂ ಕನ್ನಡದಲ್ಲಿ ಬರೆದುಕೊಡುವ ಕೆಲಸ ನನಗೆ ಬಂದಿದೆ. ವೃತ್ತಿಪರ ಕೌನ್ಸೆಲಿಂಗ್ ಯಾಕೆ, ಅದರಲ್ಲಿ ಏನೇನು ಸೇರುತ್ತದೆ, ಏನು ಸೇರುವುದಿಲ್ಲ ಎಂದು ಕರಪತ್ರ ಹೇಳಬೇಕು. ಶುರು ಮಾಡಿದ ಮೇಲೆ ಗೊತ್ತಾಯಿತು, ಬೋರ್ಡಿನ ಮೇಲೆ ಯಾವ ಪದ ಹಾಕುತ್ತೇವೋ ಅದೇ ಅರ್ಧ ಕರಪತ್ರ ಬರೆದುಬಿಡುತ್ತದೆ. ಹಾಗಾಗಿ ನಿಮ್ಮ ಮುಂದೆ ಇಡುತ್ತಿದ್ದೇನೆ.

'ಕೌನ್ಸೆಲಿಂಗ್' ಎಂದೇ ಬರೆದುಬಿಡಿ, ಎಲ್ಲರಿಗೂ ಗೊತ್ತಿರುವ ಪದ ಅಲ್ವಾ ಎಂದು ಪ್ರಾಂಶುಪಾಲರು ಹೇಳಿದರು. ಗೊತ್ತಿದೆ ನಿಜ, ಆದರೆ ಬೇರೆಯದೇ ಅರ್ಥದಲ್ಲಿ. ಕರ್ನಾಟಕದಲ್ಲಿ ಒಬ್ಬ ವಿದ್ಯಾರ್ಥಿಯನ್ನು ನಿಲ್ಲಿಸಿ ಕೌನ್ಸೆಲಿಂಗ್ ಅಂದರೆ ಏನಪ್ಪಾ ಎಂದು ಕೇಳಿ. ಸಿಇಟಿ ಅಂತಾನೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರು ರ್‍ಯಾಂಕ್ ಪ್ರಕಾರ ಸೀಟು ಹಂಚುವುದಕ್ಕೆ ಆ ಹೆಸರು ಅಂಟಿಕೊಂಡು ಎಷ್ಟೋ ವರ್ಷ ಆಯಿತು. ಮೇಷ್ಟ್ರುಗಳನ್ನು ಕೇಳಿದರೆ ವರ್ಗಾವಣೆ ಅಂತಾರೆ. 'ಕೌನ್ಸೆಲಿಂಗ್‌ಗೆ ಹೋಗಿದ್ದೆ, ಯಾದಗಿರಿ ಸಿಕ್ತು' ಎನ್ನುವ ಮಾತು ಸ್ಟಾಫ್ ರೂಮಿನಲ್ಲಿ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಖಾಲಿ ಇರುವ ಜಾಗಗಳ ಪಟ್ಟಿ, ಸರದಿ ಬಂದಾಗ ಒಂದನ್ನು ಆರಿಸಿಕೊಳ್ಳುವುದು, ಅಷ್ಟೇ ಅದರ ಅರ್ಥ. ಹೇಗಿದ್ದೀಯಾ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕಾಲೇಜಿನ ಬಾಗಿಲಿಗೆ ಈ ಬೋರ್ಡು ಹಾಕಿದರೆ ಮೊದಲ ದಿನವೇ ಮಾರ್ಕ್ಸ್ ಕಾರ್ಡು ಹಿಡಿದವರು ಸಾಲು ನಿಲ್ಲುತ್ತಾರೆ.

ಪತ್ರಿಕೆಗಳಲ್ಲಿ ಇನ್ನೊಂದು ಬಳಕೆ ಇದೆ. 'ಪೊಲೀಸರು ಯುವಕರಿಗೆ ಕೌನ್ಸೆಲಿಂಗ್ ಮಾಡಿ ಕಳುಹಿಸಿದರು.' ಇದರರ್ಥ ಗದರಿಸಿ, ಬುದ್ಧಿ ಹೇಳಿ ಬಿಟ್ಟರು ಅಂತ. 'ದಂಪತಿಗೆ ಕೌನ್ಸೆಲಿಂಗ್ ನಡೆಸಿ ಒಂದು ಮಾಡಿದರು' ಎನ್ನುವುದೂ ಹಾಗೆಯೇ. ಕೌಟುಂಬಿಕ ನ್ಯಾಯಾಲಯಗಳಿಗೆ ಸಮಾಲೋಚಕರನ್ನು ಒದಗಿಸಬೇಕು ಎಂದು 1984ರ ಕಾಯ್ದೆಯೇ ಹೇಳುತ್ತದೆ. ಆದರೆ ರಾಜಿ ಸಾಧ್ಯವೇ ಎಂದು ಮೊದಲು ಪ್ರಯತ್ನಿಸಿ ಎನ್ನುವುದೂ ಅದೇ ಕಾಯ್ದೆಯಲ್ಲಿದೆ. ಲೋಕ ಅದಾಲತ್‌ನಲ್ಲಿ ಮತ್ತೆ ಹಾರ ಬದಲಿಸಿಕೊಂಡ ಗಂಡ ಹೆಂಡತಿಯ ಫೋಟೋ ಪತ್ರಿಕೆಯಲ್ಲಿ ನೋಡಿರುತ್ತೀರಿ. ಅದು ಒಳ್ಳೆಯ ಕೆಲಸ ಇರಬಹುದು. ಆದರೆ ಅಲ್ಲಿ ಫಲ ಏನಿರಬೇಕು ಎಂಬುದು ಮೊದಲೇ ತೀರ್ಮಾನವಾಗಿದೆ: ಇಬ್ಬರೂ ಒಂದಾಗಬೇಕು. ಅದಕ್ಕೆ ನಮ್ಮಲ್ಲಿ ರಾಜಿ, ಪಂಚಾಯ್ತಿ, ಮಧ್ಯಸ್ಥಿಕೆ ಎಂಬ ಮಾತುಗಳು ಚೆನ್ನಾಗಿಯೇ ಇವೆ. ವೃತ್ತಿಪರ ಕೌನ್ಸೆಲಿಂಗ್‌ನಲ್ಲಿ ಫಲ ಮೊದಲೇ ತೀರ್ಮಾನವಾಗಿರಕೂಡದು. ಬಂದ ಹುಡುಗಿ ಆ ಮದುವೆಯಲ್ಲಿ ಉಳಿಯುತ್ತಾಳೋ ಹೊರಗೆ ಬರುತ್ತಾಳೋ, ಕೋರ್ಸು ಮುಗಿಸುತ್ತಾಳೋ ಬಿಡುತ್ತಾಳೋ, ಅದು ಅವಳ ನಿರ್ಧಾರ. ಎದುರು ಕೂತವರ ಕೆಲಸ ಆ ನಿರ್ಧಾರಕ್ಕೆ ಬೇಕಾದ ತಿಳಿವು, ಧೈರ್ಯ, ಸಮಯ ಒದಗಿಸುವುದು. ನನ್ನ ಮಟ್ಟಿಗೆ ಇಡೀ ವೃತ್ತಿಯ ಉದ್ದೇಶ ಇಷ್ಟರಲ್ಲೇ ಇದೆ. ನಾವು ಆರಿಸುವ ಪದ ಇದಕ್ಕೆ ಅಡ್ಡ ಬರಬಾರದು.

ಈ ಅಳತೆಗೋಲು ಹಿಡಿದರೆ 'ಸಲಹೆ' ಸೋಲುತ್ತದೆ ಅನ್ನಿಸುತ್ತದೆ. 'ಆಪ್ತಸಲಹೆ', 'ಆಪ್ತಸಲಹಾ ಕೇಂದ್ರ' ಎನ್ನುವವು ಬಳಕೆಯಲ್ಲಿರುವ ಪದಗಳೇ. ಬಾಯಿಗೂ ಹಗುರ. (ಸಲಹೆ ಅರಬ್ಬಿ ಮೂಲದಿಂದ ಬಂದದ್ದು. ನಮ್ಮ 'ಸಲಹು' ಕ್ರಿಯಾಪದಕ್ಕೂ ಅದಕ್ಕೂ ನಂಟಿಲ್ಲ, ನಂಟಿದ್ದರೆ ಚೆನ್ನಾಗಿರುತ್ತಿತ್ತು.) ಆದರೆ ಸಲಹೆ ಕೊಡುವವರು ಒಬ್ಬರು, ತೆಗೆದುಕೊಳ್ಳುವವರು ಇನ್ನೊಬ್ಬರು. ಹದಿನೆಂಟರ ಹುಡುಗನಿಗೆ ಮನೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಸಲಹೆ ಸಿಗದೆ ಇರುವುದಿಲ್ಲ. ಮತ್ತೊಂದಿಷ್ಟು ಸಲಹೆಗಾಗಿ ಅವನು ಯಾಕೆ ಬರುತ್ತಾನೆ? 'ಮಾರ್ಗದರ್ಶನ'ಕ್ಕೂ ಇದೇ ತೊಡಕು, ಮೇಲೆ ಅದು ಕೋಚಿಂಗ್ ಸೆಂಟರಿನವರ ಪಾಲಾಗಿದೆ. ಆದರೂ ಮಾರ್ಗದರ್ಶನಕ್ಕೆ ಇಲ್ಲಿ ಒಂದು ಹಳೆಯ ಹಕ್ಕಿದೆ ಎನ್ನಬೇಕು. ಈ ವೃತ್ತಿ ಶುರುವಾದದ್ದೇ ಯಾರು ಯಾವ ಕೆಲಸ ಹಿಡಿಯಬೇಕು ಎಂಬ ಪ್ರಶ್ನೆಯಿಂದ. ಫ್ರಾಂಕ್ ಪಾರ್ಸನ್ಸ್ 1908ರಲ್ಲಿ ಬಾಸ್ಟನ್ ನಗರದಲ್ಲಿ ಅದಕ್ಕೆಂದೇ ಒಂದು ಕಚೇರಿ ತೆರೆದರು. ನಿನ್ನನ್ನು ನೀನು ಅರಿತುಕೋ, ಕೆಲಸಗಳನ್ನು ಅರಿತುಕೋ, ಎರಡನ್ನೂ ತಾಳೆ ಹಾಕು ಎಂಬುದು ಅವರ ದಾರಿ. ಮುಂದೆ 1940ರ ದಶಕದಲ್ಲಿ ಕಾರ್ಲ್ ರೋಜರ್ಸ್ ಬಂದು, ದಾರಿ ತೋರಿಸುವುದಕ್ಕಿಂತ ಗಮನವಿಟ್ಟು ಕೇಳಿಸಿಕೊಳ್ಳುವುದು ದೊಡ್ಡದು ಎಂದರು. ಬಂದವರನ್ನು ರೋಗಿ ಎನ್ನದೆ ಕ್ಲೈಂಟ್ ಎಂದು ಕರೆಯುವ ರೂಢಿ ಗಟ್ಟಿಯಾದದ್ದೂ ಅವರಿಂದಲೇ.

ಇನ್ನು 'ಆಪ್ತಸಮಾಲೋಚನೆ'. ಕನ್ನಡದಲ್ಲಿ ಇದನ್ನು ಊರೂರಿಗೆ ತಲುಪಿಸಿದ್ದು ಎಚ್‌ಐವಿ ಪರೀಕ್ಷಾ ಕೇಂದ್ರಗಳು ಎಂದು ನನ್ನ ಲೆಕ್ಕ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೋಣೆಯ ಬೋರ್ಡು ನೆನಪಿಸಿಕೊಳ್ಳಿ: 'ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ'. ಒಳಗೆ ನಡೆಯುವ ಕೆಲಸ ಈ ಪದದ ಅರ್ಥವನ್ನು ಯಾವ ನಿಘಂಟಿಗಿಂತಲೂ ಚೆನ್ನಾಗಿ ತೋರಿಸುತ್ತದೆ. ರಕ್ತ ತೆಗೆಯುವ ಮುಂಚೆ ಕೂರಿಸಿ ಮಾತಾಡುತ್ತಾರೆ. ಈ ಪರೀಕ್ಷೆ ಏನು, ಫಲಿತಾಂಶ ಹೀಗೆ ಬಂದರೆ ಏನರ್ಥ, ಹಾಗೆ ಬಂದರೆ ಏನರ್ಥ ಎಂದು ತಿಳಿಸುತ್ತಾರೆ. ಬೇಡ ಎನ್ನುವ ಅವಕಾಶ ಉಂಟು. ಫಲಿತಾಂಶ ಬಂದ ಮೇಲೆ ಮತ್ತೆ ಕೂರಿಸಿ ಮಾತಾಡುತ್ತಾರೆ. ಎಚ್‌ಐವಿ ಕುರಿತ 2017ರ ಕಾಯ್ದೆಯಲ್ಲಿ ಒಪ್ಪಿಗೆ ಎಂದರೆ ಈ ಮುಂಚಿನ ಮತ್ತು ನಂತರದ ಮಾತುಕತೆಯೂ ಸೇರಿದ್ದು. ಸಹಿಯೊಂದೇ ಒಪ್ಪಿಗೆಯಲ್ಲ. ನಮ್ಮ ಒಪ್ಪಿಗೆ ಪತ್ರಕ್ಕೂ ಇದನ್ನೇ ಮಾದರಿ ಮಾಡಿಕೊಂಡಿದ್ದೇನೆ. 'ಮಾಹಿತಿಪೂರ್ವಕ ಸಮ್ಮತಿ' ಎಂಬ ಕಚೇರಿ ಪದ ಬಿಟ್ಟು 'ತಿಳಿದು ಕೊಡುವ ಒಪ್ಪಿಗೆ' ಎಂದು ಬರೆದಿದ್ದೇನೆ. ತಪ್ಪೇನಾದರೂ ಕಂಡರೆ ಹೇಳಿ.

ಆದರೆ ಬೋರ್ಡಿನ ಈ ಚರಿತ್ರೆಗೆ ಒಂದು ಬೆಲೆಯೂ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಆ ಪದವನ್ನು ಒಂದೇ ಬಾಗಿಲ ಮೇಲೆ ನೋಡಿದವರಿಗೆ 'ಆಪ್ತಸಮಾಲೋಚನೆ' ಎಂದರೆ ಆ ಕಾಯಿಲೆಯೇ. ಕಾಲೇಜಿನ ಹುಡುಗರಿಗೆ ಆ ನೆನಪು ಅಷ್ಟಾಗಿ ಇರಲಾರದು. ಅವರ ಅಪ್ಪ ಅಮ್ಮಂದಿರಿಗೆ ಇರಬಹುದು.

'ಆಪ್ತ' ಇನ್ನೂ ಕುತೂಹಲದ ಪದ. ಮಾತಿನಲ್ಲಿ ಆಪ್ತ ಎಂದರೆ ಹತ್ತಿರದವನು, ಜೀವದ ಗೆಳೆಯ. ಕಚೇರಿ ಕನ್ನಡದಲ್ಲಿ ಖಾಸಗಿ: ಆಪ್ತ ಸಹಾಯಕ, ಆಪ್ತ ಕಾರ್ಯದರ್ಶಿ. 'ಸಚಿವರು ಆಪ್ತರೊಂದಿಗೆ ಸಮಾಲೋಚನೆ ನಡೆಸಿದರು' ಎಂದು ಓದಿದರೆ ಸಂಪುಟ ವಿಸ್ತರಣೆ ಹತ್ತಿರ ಬಂತು ಅಂದುಕೊಳ್ಳುತ್ತೇವೆ, ಸಚಿವರಿಗೆ ಮನಸ್ಸು ಸರಿಯಿಲ್ಲ ಅಂತಲ್ಲ. ಇನ್ನು ಹಳೆಯ ನ್ಯಾಯಶಾಸ್ತ್ರದಲ್ಲಿ, ಅಂದರೆ ತರ್ಕಶಾಸ್ತ್ರದಲ್ಲಿ, ಆಪ್ತ ಎಂದರೆ ನಂಬಬಹುದಾದವನು, ಯಾರ ಮಾತು ಪ್ರಮಾಣವಾಗಿ ನಿಲ್ಲುತ್ತದೋ ಅವನು. ಆಪ್ತವಾಕ್ಯ ಎನ್ನುವುದು ಇದೇ ಅರ್ಥದಲ್ಲಿ.

ಈ ಮೂರರಲ್ಲಿ ಯಾವುದು ನಮ್ಮ ಪದದೊಳಗೆ ಕೂತಿದೆ? ಬಹಳ ಜನ ಮೊದಲನೆಯದು ಅಂದುಕೊಳ್ಳುತ್ತಾರೆ, ಗೆಳೆಯನ ಹತ್ತಿರ ಮನಸ್ಸು ಬಿಚ್ಚಿದ ಹಾಗೆ ಅಂತ. ನನಗೆ ಅದು ಸರಿ ಕಾಣುವುದಿಲ್ಲ. ಈ ವೃತ್ತಿಯ ನೀತಿನಿಯಮ ನೋಡಿದರೆ ಸಮಾಲೋಚಕರು ಆ ಅರ್ಥದಲ್ಲಿ ಆಪ್ತರಾಗಕೂಡದು. ತಮ್ಮ ನೆಂಟರನ್ನು, ಗೆಳೆಯರನ್ನು ಅವರು ಕೌನ್ಸೆಲಿಂಗ್‌ಗೆ ತೆಗೆದುಕೊಳ್ಳುವುದಿಲ್ಲ. ಬಂದವರ ಜೊತೆ ಆಮೇಲೆ ವ್ಯವಹಾರ, ಸಾಲ, ಪ್ರೇಮ ಯಾವುದನ್ನೂ ಬೆಳೆಸುವಂತಿಲ್ಲ. ಮೇಷ್ಟ್ರೇ ಸಮಾಲೋಚಕರಾದರೆ ಇಂಟರ್ನಲ್ ಮಾರ್ಕ್ಸ್ ಕೊಡುವ ಕೈ ಮತ್ತು ಗುಟ್ಟು ಕೇಳುವ ಕಿವಿ ಒಂದೇ ಆಗಿಬಿಡುತ್ತದೆ. ನಮ್ಮ ಕಾಲೇಜಿನವರು ಹೊರಗಿನವರನ್ನು ಕರೆಸುತ್ತಿರುವುದು ಅದಕ್ಕೇ. ಹಾಗಾಗಿ ಹತ್ತಿರದವರು ಎನ್ನುವ ಅರ್ಥ ಬಿಟ್ಟು, ನಂಬಿಗಸ್ತರು ಎನ್ನುವ ಹಳೆಯ ಅರ್ಥ ಹಿಡಿದರೆ 'ಆಪ್ತ' ಇಲ್ಲಿಗೆ ಸೊಗಸಾಗಿ ಕೂರುತ್ತದೆ. ಪದ ಕಟ್ಟಿದವರ ಮನಸ್ಸಿನಲ್ಲಿ ಖಾಸಗಿ ಎಂಬುದಷ್ಟೇ ಇತ್ತೋ ಏನೋ.

'ಸಮಾಲೋಚನೆ' ಬಗ್ಗೆ ನನಗೆ ತಕರಾರಿಲ್ಲ. ಕನ್ನಡದಲ್ಲಿ ಅದು ಕೂಡಿ ಯೋಚಿಸುವುದು, ಇಬ್ಬರ ಕೆಲಸ. ಹಿಂದಿಯಲ್ಲಿ ಇದೇ ಪದ ಸಾಹಿತ್ಯ ವಿಮರ್ಶೆ ಆಗುತ್ತದೆ ಎಂಬುದು ತಮಾಷೆ. ಅವರು ಕೌನ್ಸೆಲಿಂಗ್‌ಗೆ 'ಪರಾಮರ್ಶ್' ಅಂತಾರೆ, ಮರಾಠಿಯವರು 'ಸಮುಪದೇಶನ'. ಮರಾಠಿಯದರಲ್ಲಿ ಉಪದೇಶ ಇಣುಕುತ್ತದೆ. ನಮ್ಮದೇ ವಾಸಿ.

ವ್ಯಾಪ್ತಿಯ ಭಾಗ ಬರೆಯುವಾಗ ಪದಗಳ ಗೊಂದಲ ಇನ್ನೂ ಜಾಸ್ತಿ ಆಯಿತು. ಮನೋವೈದ್ಯ, ಮನಶ್ಶಾಸ್ತ್ರಜ್ಞ, ಆಪ್ತಸಮಾಲೋಚಕ, ಮೂವರನ್ನೂ ಪತ್ರಿಕೆಗಳು ಒಂದೇ ಹಗ್ಗಕ್ಕೆ ಕಟ್ಟುತ್ತವೆ. ಮನೋವೈದ್ಯರು ಎಂಬಿಬಿಎಸ್ ಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಮಾತ್ರೆ ಬರೆಯಬಲ್ಲವರು. ಮನಶ್ಶಾಸ್ತ್ರಜ್ಞರು ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕರೆದುಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಬೇಕು. ಸಮಾಲೋಚಕರ ಪಾಡು ಬೇರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮಾನಸಿಕ ಆರೋಗ್ಯ ವೃತ್ತಿಪರರು ಯಾರು ಎಂದು ಪಟ್ಟಿ ಕೊಡುತ್ತದೆ. ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟರು, ಮಾನಸಿಕ ಆರೋಗ್ಯದ ದಾದಿಯರು, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಅದರಲ್ಲಿದ್ದಾರೆ. ಬರೀ ಕೌನ್ಸೆಲರ್ ಎಂಬ ಹೆಸರು ಅಲ್ಲಿಲ್ಲ. ಆರೋಗ್ಯ ಕ್ಷೇತ್ರದ ಇತರ ವೃತ್ತಿಗಳಿಗಾಗಿ 2021ರಲ್ಲಿ ಬಂದ ಕಾಯ್ದೆಯಲ್ಲಿ ಕೆಲವು ಬಗೆಯ ಸಮಾಲೋಚಕರಿಗೆ ಜಾಗ ಸಿಕ್ಕಿತು. ಇಷ್ಟೆಲ್ಲ ಕರಪತ್ರಕ್ಕೆ ಬೇಡ. 'ಇಲ್ಲಿ ಮಾತ್ರೆ ಬರೆಯುವುದಿಲ್ಲ' ಎಂಬ ಒಂದು ಸಾಲು ಸಾಕು.

ಹಾಗಾದರೆ ಮಾತ್ರೆ ಬೇಕಾದವರು? ಇಂಗ್ಲಿಷ್ ಕರಡಿನಲ್ಲಿ ಇದಕ್ಕೆ 'ರೆಫರಲ್' ಎಂಬ ಭಾರದ ಪದ ಇದೆ. 'ಶಿಫಾರಸು' ಎಂದರೆ ಕೆಲಸ ಕೊಡಿಸಿದ ಹಾಗೆ ಕೇಳುತ್ತದೆ. ನಮ್ಮ ಜನ 'ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು' ಅಂತಾರಲ್ಲ, ಅದನ್ನೇ ಇಟ್ಟೆ: 'ಮನೋವೈದ್ಯರ ಅಗತ್ಯ ಕಂಡರೆ ಬರೆದುಕೊಡುತ್ತೇವೆ.' ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ ಬಗ್ಗೆ ಒಂದು ಸಾಲು, ಟೆಲಿ ಮಾನಸ್ ಸಹಾಯವಾಣಿ 14416 ಬಗ್ಗೆ ಇನ್ನೊಂದು ಸಾಲು ಸೇರಿಸಿದ್ದೇನೆ. ಹಗಲು ರಾತ್ರಿ ಉಚಿತವಾಗಿ ಸಿಗುವ ಈ ಸೇವೆ 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು, ಕನ್ನಡದಲ್ಲೂ ಮಾತಾಡುತ್ತಾರೆ.

'ಕ್ಲೈಂಟ್' ಪದಕ್ಕೆ ಮಾತ್ರ ಏನೂ ಹೊಳೆಯಲಿಲ್ಲ. ಕಕ್ಷಿದಾರ ಎಂದರೆ ಕೋರ್ಟು, ಗ್ರಾಹಕ ಎಂದರೆ ಅಂಗಡಿ, ರೋಗಿ ಎನ್ನಲೇಬಾರದು. 'ಸಲಹಾರ್ಥಿ', 'ಸಮಾಲೋಚನಾರ್ಥಿ' ಪಠ್ಯಪುಸ್ತಕಕ್ಕೆ ಸರಿ. ಕರಪತ್ರದಲ್ಲಿ ಎಲ್ಲ ಕಡೆ 'ನೀವು' ಎಂದು ಬರೆದು ತಪ್ಪಿಸಿಕೊಂಡಿದ್ದೇನೆ, ಆದರೆ ರಿಜಿಸ್ಟರಿನ ಅಂಕಣಕ್ಕೆ ಒಂದು ಪದ ಬೇಕೇ ಬೇಕು. 'ಬಂದವರು' ಎಂದರೆ ಸಾಕೇ?

ಗುಟ್ಟು ಕಾಪಾಡುವ ವಿಷಯಕ್ಕೆ 'ಗೋಪ್ಯತೆ' ಇಟ್ಟಿದ್ದೇನೆ. ಪ್ರೂಫ್ ನೋಡಿದವರೊಬ್ಬರು 'ಗುಪ್ತ ಸಮಾಲೋಚನೆ' ಎಂದು ತಿದ್ದಿದ್ದರು. ಬಸ್‌ಸ್ಟ್ಯಾಂಡ್ ಗೋಡೆಯ ಜಾಹೀರಾತುಗಳನ್ನು ನೋಡಿದವರು ಆ ಪದದ ಹತ್ತಿರವೂ ಹೋಗುವುದಿಲ್ಲ! ಗೋಪ್ಯತೆಗೆ ಮಿತಿ ಇದೆ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಬಂದವರ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಕಂಡರೆ ಸಮಾಲೋಚಕರು ಸುಮ್ನೆ ಕೂರುವಂತಿಲ್ಲ. ಹದಿನೆಂಟು ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ತಿಳಿಸಲೇಬೇಕು. ಪದವಿಯ ಮೊದಲ ವರ್ಷದಲ್ಲಿ ಹದಿನೇಳರವರೂ ಇರುತ್ತಾರೆ. ನಾನು ಬರೆದ ಸಾಲು ಹೀಗಿದೆ: 'ನೀವು ಹೇಳಿದ್ದು ಈ ಕೋಣೆ ದಾಟುವುದಿಲ್ಲ. ಯಾರದಾದರೂ ಜೀವಕ್ಕೆ ಅಪಾಯ ಇದ್ದರೆ, ಅಥವಾ ಕಾನೂನು ತಿಳಿಸಲೇಬೇಕು ಎಂದರೆ, ಮೊದಲು ನಿಮಗೆ ಹೇಳಿ, ಬೇಕಾದಷ್ಟನ್ನು ಮಾತ್ರ ಸಂಬಂಧಪಟ್ಟವರಿಗೆ ತಿಳಿಸುತ್ತೇವೆ.' 'ಮೊದಲು ನಿಮಗೆ ಹೇಳಿ' ಎಂಬುದು ತುರ್ತಿನಲ್ಲಿ ಸಾಧ್ಯವಾಗದೆ ಇರಬಹುದು. 'ಆದಷ್ಟೂ' ಸೇರಿಸಲೇ, ಅಥವಾ ಅದು ಮಾತಿನ ಬಿಗಿ ಸಡಿಲಿಸುತ್ತದೆಯೇ?

ಸದ್ಯಕ್ಕೆ ಬೋರ್ಡಿನ ಕರಡು ಇದು: ಮೇಲೆ ದೊಡ್ಡದಾಗಿ 'ಆಪ್ತಸಮಾಲೋಚನೆ', ಕೆಳಗೆ ಸಣ್ಣ ಅಕ್ಷರದಲ್ಲಿ 'ಮನಸ್ಸಿನ ಮಾತಿಗೆ ಒಂದು ಕೋಣೆ'. ಎರಡನೆಯದೇ ಮೇಲಿರಲಿ ಎಂದು ವಿದ್ಯಾರ್ಥಿಗಳು ಹೇಳುತ್ತಿದ್ದಾರೆ. ನನಗೆ ಅದು ಸ್ವಲ್ಪ ಎಫ್‌ಎಂ ಕಾರ್ಯಕ್ರಮದ ಹೆಸರಿನಂತೆ ಕೇಳುತ್ತದೆ.

ಬಳಗದಲ್ಲಿ ಆಸ್ಪತ್ರೆ, ನ್ಯಾಯಾಲಯ, ಸಾಂತ್ವನ ಕೇಂದ್ರಗಳಲ್ಲಿ ಕೆಲಸ ಮಾಡಿದವರು ಇದ್ದೀರಿ. ನಿಮ್ಮಲ್ಲಿಗೆ ಬರುವವರು ಬಾಗಿಲಲ್ಲಿ ನಿಂತು ಏನೆಂದು ಕೇಳುತ್ತಾರೆ? 'ಮೇಡಂ ಹತ್ರ ಮಾತಾಡ್ಬೇಕಿತ್ತು' ಅಂತಲೋ, ಬೇರೆ ಏನಾದರೂ ಪದ ಇದೆಯೋ? ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ತಮ್ಮ ಕಡೆಯ ಮಾತನ್ನೂ ತಿಳಿಸಿ. ಇನ್ನೊಂದು ಸಣ್ಣ ಸಂಶಯ: 'ಆಪ್ತಸಮಾಲೋಚನೆ' ಕೂಡಿಸಿ ಬರೆಯುವುದೋ, 'ಆಪ್ತ ಸಮಾಲೋಚನೆ' ಎಂದು ಬಿಡಿಸಿ ಬರೆಯುವುದೋ? ಸರ್ಕಾರಿ ಬೋರ್ಡುಗಳಲ್ಲಿ ಎರಡೂ ಇವೆ. ಬೋರ್ಡು ಬರೆಯುವ ಪೇಂಟರ್ ಮುಂದಿನ ವಾರ ಬರುತ್ತಾರೆ, ಅಷ್ಟರಲ್ಲಿ ಉತ್ತರ ಬಂದರೆ ಉಪಕಾರ.