ಸಹಾಯ ಬೇಕು: ಸಮುದಾಯ ಪ್ರತಿಷ್ಠಾನದ ಅಡಿಯಲ್ಲಿ ಊರಿನ ನಿಧಿ
ಎಲ್ಲರಿಗೂ ನಮಸ್ಕಾರ. ಮಕ್ಕಳ ಓದಿಗೆ, ಕಷ್ಟದಲ್ಲಿರುವವರ ಚಿಕಿತ್ಸೆಗೆ ಅಂತ ನಾವು ಕೆಲವರು ಸೇರಿ ಒಂದು ನಿಧಿ ಶುರುಮಾಡಬೇಕೆಂದಿದ್ದೇವೆ. ಸ್ವಂತ ಟ್ರಸ್ಟ್ ಮಾಡಿದರೆ ನೋಂದಣಿ, ಆಡಿಟ್, ತೆರಿಗೆ ಲೆಕ್ಕ ಎಲ್ಲ ನಮ್ಮ ತಲೆ ಮೇಲೆ. ಪ್ರಾದೇಶಿಕ ಸಮುದಾಯ ಪ್ರತಿಷ್ಠಾನದ (ಒಂದು ಪ್ರದೇಶದ ಹಲವು ದಾನಿಗಳ ನಿಧಿಗಳನ್ನು ಒಟ್ಟಿಗೆ ನೋಡಿಕೊಳ್ಳುವ ಸಂಸ್ಥೆ) ಅಡಿಯಲ್ಲಿ ಇಟ್ಟರೆ ಲೆಕ್ಕಪತ್ರ, ಹೂಡಿಕೆ ಅವರದು. ಯಾರಿಗೆ ಕೊಡಬೇಕೆಂದು ನಮ್ಮ ಸಮಿತಿ ಶಿಫಾರಸು ಮಾಡಬಹುದು. ಆದರೆ ಕೊನೆಯ ತೀರ್ಮಾನ ಸಾಮಾನ್ಯವಾಗಿ ಪ್ರತಿಷ್ಠಾನದ್ದೇ. ನನಗೆ ಅಳುಕಿರುವುದು ಅಲ್ಲೇ.

ಹೀಗೆ ಮಾಡಿದವರು ಯಾರಾದರೂ ಇದ್ದೀರಾ? ಅಸಲು ಮುಟ್ಟದೆ ಆದಾಯದಲ್ಲಷ್ಟೇ ನೆರವು ಕೊಡುವ ಶಾಶ್ವತ ನಿಧಿ ಒಳ್ಳೆಯದಾ, ಬಂದಂತೆ ಖರ್ಚು ಮಾಡುವುದಾ? ನಿರ್ವಹಣಾ ಶುಲ್ಕದಲ್ಲಿ ಚೌಕಾಸಿ ಸಾಧ್ಯವೇ? ಮುಂದೆ ಸಮಿತಿಯೇ ಚದುರಿಹೋದರೆ ಹಣ ಯಾವುದಕ್ಕೆ ಹೋಗಬೇಕು ಅನ್ನುವುದನ್ನು ಕರಾರಿನಲ್ಲಿ ಹೇಗೆ ಬರೆಸಿದಿರಿ? ಕರಾರಿನ ನಮೂನೆ ಇದ್ದರೆ ದಯವಿಟ್ಟು ಹಂಚಿಕೊಳ್ಳಿ.